ಬಾಯಾರಿದವರ ಗಾಡಿ

ಖಾನಾಪುರದ ಓಂಕಾರ ವಾರಕ್ಕೆರಡು ಸಲ ತನ್ನ ಹಳೆಯ ವ್ಯಾನಿನಲ್ಲಿ ಡಯಾಲಿಸಿಸ್‌ನವರನ್ನು ಬೆಳಗಾವಿಯ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ. ಕಾಯಂ ಬರುವವರು ಇಬ್ಬರು: ಪಾರಿಶ್ವಾಡದ ಭೀಮಕ್ಕ, ಹಲಸಿಯ ನಿವೃತ್ತ ಶಿಕ್ಷಕ ಉತ್ತಮ ಮಾಸ್ತರರು. ಮೂತ್ರಪಿಂಡ ಕೈಕೊಟ್ಟವರಿಗೆ ದಿನಕ್ಕಿಷ್ಟೇ ನೀರು ಎಂದು ಡಾಕ್ಟರು ಅಳತೆ ಹಾಕಿಕೊಟ್ಟಿದ್ದರು. ಚಳಿಗಾಲದಲ್ಲಿ ಅದು ಹೇಗೋ ಸಾಗಿತು. ಏಪ್ರಿಲ್ ಬಂದ ಮೇಲೆ, ಮಧ್ಯಾಹ್ನ ಊರಿಗೆ ಮರಳುವಾಗ ತೆರೆದ ಕಿಟಕಿಯಿಂದ ಒಲೆಯ ಝಳದಂಥ ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಭೀಮಕ್ಕ ಸೆರಗನ್ನು ಬಾಯಿಗೊತ್ತಿಕೊಂಡು ಕುಳಿತಿರುತ್ತಿದ್ದಳು.

ಒಂದು ದಿನ ದೇಸೂರು ದಾಟಿದ ಮೇಲೆ ಆಕೆ ಓಂಕಾರನ ಪಕ್ಕದಲ್ಲಿದ್ದ ನೀರಿನ ಬಾಟಲಿ ಎತ್ತಿ ಗಟಗಟನೆ ಕುಡಿದುಬಿಟ್ಟಳು. ಮಾಸ್ತರರು ಕೈಚಾಚುವಷ್ಟರಲ್ಲಿ ತಳ ಕಂಡಿತ್ತು.

"ಏನ ಮಾಡಿದಿ ತಂಗಿ," ಎಂದರು ಅವರು.

"ತಡ್ಯಾಕ ಆಗಲಿಲ್ರೀ ಮಾಸ್ತರ. ನಾಲಿಗಿ ಅಂಗುಳಕ್ಕ ಅಂಟಿಕೊಂಡಿತ್ತು."

ಮರುದಿನ ನಸುಕಿನಲ್ಲೇ, ಮೈಯಿಂದ ಹೊರಹೋಗದ ನೀರು ಶ್ವಾಸಕೋಶಕ್ಕೆ ತುಂಬಿ ಆಕೆಗೆ ಉಸಿರು ಕಟ್ಟಿತು. ಮಗಳು ಮೇಘಾಳ ಫೋನ್ ಬಂದದ್ದೇ ತಡ, ಓಂಕಾರ ಪಾರಿಶ್ವಾಡಕ್ಕೆ ಧಾವಿಸಿ ತಾಯಿ ಮಗಳನ್ನು ಬೆಳಗಾವಿಗೆ ಮುಟ್ಟಿಸಿದ. ಜೀವ ಉಳಿಯಿತು.

ಆಸ್ಪತ್ರೆಯ ಹೊರಗೆ ಗಾಡಿಯಲ್ಲಿ ಕುಳಿತಿದ್ದಾಗ ಅವನ ಕಣ್ಣು ಎ.ಸಿ. ಗುಂಡಿಯ ಮೇಲೆ ಬಿತ್ತು. ಗಾಡಿ ಕೊಳ್ಳುವಾಗ ಹಿಂದಿನ ಮಾಲೀಕ, "ಇದನ್ನ ಹಚ್ಚಬ್ಯಾಡ, ಡೀಸೆಲ್ ಕುಡೀತೈತಿ," ಎಂದಿದ್ದ. ಆ ಮಾತನ್ನೇ ನೆಚ್ಚಿಕೊಂಡು ಇಷ್ಟು ವರ್ಷ ಅದನ್ನು ಮುಟ್ಟಿರಲಿಲ್ಲ. ಈಗ ಒತ್ತಿದ. ಬಿಸಿಗಾಳಿ ಬಂತು, ಅದರ ಬೆನ್ನಿಗೇ ಇಲಿಯ ನಾತ.

ಮುಂದಿನ ಸಲ ಇಬ್ಬರನ್ನೂ ಆಸ್ಪತ್ರೆಗೆ ಬಿಟ್ಟವನೇ ಉದ್ಯಮಬಾಗಕ್ಕೆ ಹೋದ. ಅಲ್ಲಿ ಗಾಡಿಗಳ ಎ.ಸಿ. ರಿಪೇರಿ ಮಾಡುವ ಬಸವಪ್ರಸಾದ ಬಾನೆಟ್ ಎತ್ತಿ ನೋಡಿದ.

"ಯಾವಾಗ ಹಚ್ಚಿದ್ರಿ ಇದನ್ನ?"

"ಹಚ್ಚೇ ಇಲ್ರೀ. ಜ್ವಾಕಿ ಇರ್ಲಿ ಅಂತ."

"ಜ್ವಾಕಿ ಮಾಡಾಕ ಹೋಗೇ ಕೆಟ್ಟೈತಿ. ತಂಪು ಮಾಡೋ ಗ್ಯಾಸಿನ ಕೂಡ ಒಳಗ ಎಣ್ಣಿ ಅಡ್ಡಾಡತಿರಬೇಕು. ಅಂದ್ರ ರಬ್ಬರ್ ಮೆತ್ತಗ ಇರ್ತಾವ. ಸುಮ್ನ ಬಿಟ್ರ ಒಣಗಿ ಬಿರಕ ಬಿಡತಾವ, ಗ್ಯಾಸ್ ಸೋರಿ ಹೋಗತೈತಿ. ಇನ್ಮ್ಯಾಲೆ ಮಳಿಗಾಲದಾಗೂ ವಾರಕ್ಕೊಮ್ಮಿ ಸ್ವಲ್ಪ ಹೊತ್ತು ಹಚ್ಚರಿ."

ಗಾಳಿ ಬೀಸುವ ಫ್ಯಾನಿನ ಪೆಟ್ಟಿಗೆಯಿಂದ ಇಲಿಯ ಗೂಡನ್ನು ಓಂಕಾರನೇ ಬಾಚಿ ತೆಗೆದ: ಹತ್ತಿ, ಚಾಕಲೇಟಿನ ಕಾಗದ, ಶೇಂಗಾ ಸಿಪ್ಪೆ. ಬಸವಪ್ರಸಾದ ಪೈಪುಗಳ ಕೂಡುಜಾಗದ ರಬ್ಬರಿನ ಬಳೆಗಳನ್ನೆಲ್ಲ ಬದಲಿಸಿದ. ಗ್ಯಾಸ್ ತುಂಬುವ ಮೊದಲು ಪೈಪುಗಳೊಳಗೆ ಒತ್ತಡ ಕೊಟ್ಟು ನೋಡಿದಾಗ ಮೀಟರಿನ ಮುಳ್ಳು ನಿಧಾನಕ್ಕೆ ಇಳಿಯಿತು. ಗಾಡಿಯ ಮುಂಭಾಗದಲ್ಲಿ ಗ್ಯಾಸ್ ತಣಿಸುವ ಜಾಲರಿಗೂ ತುಕ್ಕು ಹಿಡಿದು ತೂತು ಬಿದ್ದಿತ್ತು. ಬೇರೆ ತರಿಸಬೇಕಾಯಿತು. ಆ ದಿನವೂ ಕಿಟಕಿ ತೆರೆದುಕೊಂಡೇ ಮರಳಿದರು. ಭೀಮಕ್ಕನ ಒಡೆದ ತುಟಿಯನ್ನು ಕನ್ನಡಿಯಲ್ಲಿ ನೋಡುವ ಧೈರ್ಯ ಓಂಕಾರನಿಗೆ ಆಗಲಿಲ್ಲ.

ಅದರ ಮುಂದಿನ ಸಲ ಹೊಸ ಜಾಲರಿ ಕೂಡಿಸಿದ ಮೇಲೆ ಮುಳ್ಳು ಕದಲಲಿಲ್ಲ. ಗ್ಯಾಸ್ ತುಂಬಿದ್ದಾಯಿತು. ಮಧ್ಯಾಹ್ನ ಇಬ್ಬರೂ ಗಾಡಿ ಹತ್ತಿದಾಗ ಅವನು ಕಿಟಕಿಗಳನ್ನೆಲ್ಲ ಏರಿಸಿದ. ತಿಳಕವಾಡಿ ದಾಟುವುದರೊಳಗೆ ಗಾಡಿ ತಂಪಾಯಿತು. ಭೀಮಕ್ಕ ಸೆರಗನ್ನು ಬಾಯಿಂದ ತೆಗೆದಳು. ಗಾಳಿಯ ಭೋರ್ಗರೆತ ಅಡಗಿದ್ದರಿಂದ, ಇಷ್ಟು ದಿನ ಅಕ್ಕಪಕ್ಕ ಕುಳಿತೂ ಅಷ್ಟಾಗಿ ಮಾತಾಡದವರ ಮಾತು ಒಬ್ಬರಿಗೊಬ್ಬರು ಕೇಳತೊಡಗಿತು.

"ಮಾಸ್ತರ, ಡಾಕ್ಟರು ಇವತ್ತೊಂದಿನ ಬೇಕಾದ್ದು ಕುಡೀರಿ ಅಂದ್ರ ಏನ ಕುಡೀತಿದ್ರಿ?"

ಮಾಸ್ತರರು ಆಕೆಯತ್ತ ತಿರುಗಿದರು. "ಕಬ್ಬಿನ ಹಾಲು. ನೀ?"

"ನಮ್ಮ ಬಾವಿ ನೀರು. ಕೊಡ ಎತ್ತಿ, ಮೈಮ್ಯಾಲ ಚೆಲ್ಲಿಕೋಂತ."

ಇಬ್ಬರೂ ನಕ್ಕರು. ನಗುತ್ತಲೇ ಮಾಸ್ತರರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಓಂಕಾರ ರಸ್ತೆಯನ್ನೇ ನೋಡುತ್ತ ನಡೆಸಿದ. ಡೀಸೆಲ್ ಹೆಚ್ಚೇ ಕುಡಿಯುತ್ತಿರಬಹುದು, ಕುಡಿಯಲಿ ಅನ್ನಿಸಿತು.

ಖಾನಾಪುರದ ಸ್ಟ್ಯಾಂಡಿನಲ್ಲಿ ಮಾಸ್ತರರು ಇಳಿದು ಹಲಸಿಯ ಬಸ್ಸಿಗೆ ಹೋದರು. ಭೀಮಕ್ಕ ಮಾತ್ರ ತಲೆ ವಾಲಿಸಿ ನಿದ್ದೆಹೋಗಿದ್ದಳು. ಕರೆದೊಯ್ಯಲು ಬಂದ ಮೇಘಾ ಗಾಜು ತಟ್ಟಲು ಕೈ ಎತ್ತಿದಳು. ಓಂಕಾರ ಬೇಡವೆಂದು ಸನ್ನೆ ಮಾಡಿದ.

"ಗಾಡಿ ಯಾಕ ಚಾಲೂ ಇಟ್ಟೀರಿ ಅಣ್ಣಾ?"

"ಬಂದ್ ಮಾಡಿದ್ರ ತಂಪು ಹೋಗಿ ಎಚ್ಚರ ಆಗತೈತಿ. ನೀನೂ ಒಳಗ ಬಾರವ್ವ, ಕುಂದರು. ಮಲಗಲಿ ಒಂದಿಷ್ಟು."

ಮೇಘಾ ಸದ್ದಾಗದಂತೆ ಬಾಗಿಲು ತೆರೆದು ತಾಯಿಯ ಪಕ್ಕದಲ್ಲಿ ಕುಳಿತಳು.