ಬೆಂಚಿನ ಮೇಲಿನ ಖಾಲಿ ಜಾಗ

ಬಾಯಿ ತುಂಬ ನೀರು ಹಿಡಿದು ಕೂತರೆ ಮಾತಾಡಲು ಬರುವುದಿಲ್ಲ. ಆ ಭಾನುವಾರ ಬೆಳಿಗ್ಗೆ ಅಲ್ವಾ ಹಾಗೇ ಕೂತಿದ್ದಳು, ಅಪ್ಪನ ಬೆನ್ನ ಹಿಂದೆ, ಸ್ಟೂಲಿನ ಮೇಲೆ, ಎರಡೂ ಕೆನ್ನೆ ಉಬ್ಬಿಸಿಕೊಂಡು.

ಅಲ್ವಾ ಅವಳ ಹೆಸರಲ್ಲ. ಏನು ಹೇಳಿದರೂ ಕೊನೆಗೆ ‘ಅಲ್ವಾ?’ ಎಂದು ಸೇರಿಸಿ ಎದುರಿನವರ ಮುಖ ನೋಡುವ ಚಾಳಿಗೆ ಸಂಜೆ ಕ್ಲಾಸಿನವರು ಕೊಟ್ಟ ಬಿರುದು. ಹಗಲಿಡೀ ಅವಳು ಕನ್ನಡಕದ ಅಂಗಡಿಯಲ್ಲಿ ಬಂದವರ ಕಣ್ಣಿಗೆ ಗಾಜು ಬದಲಿಸುತ್ತ, “ಇದು ಚೆನ್ನಾಗಿ ಕಾಣತ್ತಾ, ಇದಾ?” ಎಂದು ಕೇಳುತ್ತಿದ್ದಳು. ಊರಿನವರಿಗೆಲ್ಲ ಎರಡರಲ್ಲಿ ಒಂದು ಆರಿಸಿಕೊಡುವ ಈ ಹುಡುಗಿ, ಮನೆಯಿಂದ ಹೊರಡುವಾಗ ಒಂದು ಕಾಲಿಗೆ ಒಂದು ಚಪ್ಪಲಿ, ಇನ್ನೊಂದಕ್ಕೆ ಇನ್ನೊಂದು ಹಾಕಿಕೊಂಡು ಕನ್ನಡಿಯ ಮುಂದೆ ನಿಂತುಬಿಡುತ್ತಿದ್ದಳು.

ಸಂಜೆ ಕ್ಲಾಸಿನಲ್ಲಿ ಕಂಪ್ಯೂಟರಿನ ಮೇಲೆ ಆಡುವ ಕಥೆಗಳನ್ನು ಕಟ್ಟಲು ಕಲಿಸುತ್ತಿದ್ದರು. ಪರದೆಯ ಮೇಲೆ ಚಿತ್ರ, ಚಿತ್ರದ ಕೆಳಗೆ ಮಾತು. ಗುಂಡಿ ಒತ್ತಿದರೆ ಮುಂದಿನ ಮಾತು. ನಡುನಡುವೆ ಕಥೆ ನಿಂತು, ‘ಈಗ ಏನು ಮಾಡುತ್ತೀಯ?’ ಎಂದು ಕೇಳುತ್ತದೆ. ಆಡುವವರು ಆರಿಸಿದ ದಾರಿಯಲ್ಲಿ ಮುಂದೆ ಹೋಗುತ್ತದೆ. ಅಲ್ವಾ ವರ್ಷವಿಡೀ ಕೂತು ಬರೆದದ್ದು ಕಾಲದಲ್ಲಿ ಹಿಂದಕ್ಕೆ ಹೋಗುವ ಕಥೆ. ಅಣ್ಣ ಮನೆಯಲ್ಲಿ ಜಗಳವಾಡಿ, ಬ್ಯಾಗು ಹಿಡಿದು, ಬೆಳಗಿನ ಬಸ್ಸಿಗೆ ಹೊರಟಿದ್ದಾನೆ. ತಂಗಿಯ ಹತ್ತಿರ ಒಂದು ಗೋಡೆ ಗಡಿಯಾರವಿದೆ; ಮುಳ್ಳನ್ನು ಹಿಂದಕ್ಕೆ ತಿರುಗಿಸಿದರೆ ಅದೇ ಬೆಳಗು ಮತ್ತೆ ಬರುತ್ತದೆ. ಆಡುವವರೇ ಆ ತಂಗಿ. ಬ್ಯಾಗು ಬಚ್ಚಿಡಬಹುದು, ಅಮ್ಮನಿಗೆ ಜ್ವರ ಎಂದು ಸುಳ್ಳು ಹೇಳಬಹುದು, ಬಸ್ಸಿನ ಚಕ್ರದ ಗಾಳಿಯನ್ನೇ ತೆಗೆಯಬಹುದು. ಸುತ್ತಿ ಸುತ್ತಿ ಕೊನೆಗೆ ಸರಿಯಾದ ಉಪಾಯ ಹೂಡಿದರೆ ಅಣ್ಣ ಹೋಗದೆ ಉಳಿಯುತ್ತಾನೆ. ಆ ಕೊನೆ ಯಾಕೋ ಅಲ್ವಾಳಿಗೆ ಚಪ್ಪಲಿಯೊಳಗೆ ಸೇರಿದ ಕಲ್ಲಿನ ಹಾಗೆ ಒತ್ತುತ್ತಿತ್ತು. ಎಲ್ಲಿ ಒತ್ತುತ್ತಿದೆ ಎಂದು ಮಾತ್ರ ತಿಳಿದಿರಲಿಲ್ಲ.

ಮೇಷ್ಟ್ರ ನಿಯಮ ಕಡ್ಡಿ ಮುರಿದ ಹಾಗಿತ್ತು. ಆಟ ಎಂದರೇನೆಂದು ಗೊತ್ತಿಲ್ಲದ ಒಬ್ಬರನ್ನು ಕೂರಿಸಿ ಕಥೆಯನ್ನು ಕೊನೆ ಮುಟ್ಟಿಸಬೇಕು. ಬರೆದವರು ಹಿಂದೆ ಕೂತಿರಬೇಕು. ಹೇಳಿಕೊಡುವಂತಿಲ್ಲ, ತಲೆ ಆಡಿಸುವಂತಿಲ್ಲ. ಆಡುವವರು ನಡುವೆ ಎದ್ದುಹೋದರೆ ಕಥೆಯನ್ನು ತಿದ್ದಿ, ಅದನ್ನು ಆಡಿರದ ಇನ್ನೊಬ್ಬರನ್ನು ಕೂರಿಸಬೇಕು; ಯಾರೂ ಕೊನೆ ಮುಟ್ಟಿಸದಿದ್ದರೆ ಆ ಕಥೆ ಪ್ರದರ್ಶನಕ್ಕೆ ಇಲ್ಲ. ಪ್ರದರ್ಶನ ಅದೇ ದಿನ ಸಂಜೆ. ಯಾರನ್ನು ಕೂರಿಸುವುದು ಎಂದು ಆರಿಸುವುದರಲ್ಲೇ ವಾರ ಕಳೆದಿದ್ದ ಅಲ್ವಾ, ಕೊನೆಗೆ ಮನೆಯಲ್ಲಿದ್ದ ಅಪ್ಪನನ್ನೇ ಹಿಡಿದು ತಂದಿದ್ದಳು. ತನ್ನ ಬಾಯಿಯ ಮೇಲೆ ತನಗೇ ನಂಬಿಕೆಯಿಲ್ಲದ್ದರಿಂದ ನೀರಿನ ಉಪಾಯ ಹೂಡಿದ್ದಳು.

ಅಪ್ಪ ಬಸ್ ನಿಲ್ದಾಣದಲ್ಲಿ ವೇಳೆ ನೋಡಿ ಬಸ್ಸುಗಳನ್ನು ಬಿಡುವ ಕೆಲಸದವನು. ಅವನ ಸೀಟಿ ಕೇಳದೆ ಅಲ್ಲಿ ಒಂದು ಚಕ್ರವೂ ಉರುಳುವುದಿಲ್ಲ. ಅವನು ಕನ್ನಡಕ ಏರಿಸಿ, ಪರದೆಯ ಮಾತನ್ನೆಲ್ಲ ಸುತ್ತೋಲೆ ಓದುವ ಹಾಗೆ ಗಟ್ಟಿಯಾಗಿ ಓದುತ್ತ ಬಂದ. ನಿಲ್ದಾಣದ ಚಿತ್ರ ಬಂತು. ಬೆಂಚಿನ ಒಂದು ತುದಿಗೆ ಅಣ್ಣ, ಮಡಿಲಲ್ಲಿ ಬ್ಯಾಗು.

“ಬಸ್ಸು ಬರಲು ಇನ್ನೂ ಕಾಲು ಗಂಟೆ ಇದೆ,” ಎಂದು ಓದಿದ ಅಪ್ಪ ತನ್ನ ಕೈಗಡಿಯಾರ ನೋಡಿಕೊಂಡ. ಕೈಕಟ್ಟಿ ಹಿಂದಕ್ಕೆ ಒರಗಿದ.

ಗುಂಡಿ ಒತ್ತಲಿಲ್ಲ.

ಮೊದಮೊದಲು ಚಿತ್ರ ನೋಡುತ್ತಿದ್ದಾನೆ ಎಂದುಕೊಂಡಳು ಅಲ್ವಾ. ಆಮೇಲೆ ಹೊಳೆಯಿತು. ಅಪ್ಪ ಕಾಯುತ್ತಿದ್ದಾನೆ! ನಿಜವಾಗಿ, ಬಸ್ಸಿಗೆ! ‘ಒತ್ತಪ್ಪಾ’ ಎನ್ನಲು ಬಾಯಿ ತೆರೆದರೆ ನೀರು, ಮುಚ್ಚಿದರೆ ಸಂಕಟ. ಕಿವಿಯವರೆಗೆ ಕೆಂಪಾಗಿ ಕಾಲು ಕುಣಿಸುತ್ತ ಕೂತಳು.

ಅಮ್ಮ ಒದ್ದೆ ಬಟ್ಟೆ ಹಿಡಿದು ಮೇಜು ಒರೆಸಲು ಬಂದಳು. ಅಮ್ಮ ನರ್ಸು; ಹಾಸಿಗೆಯಿಂದ ಹಾಸಿಗೆಗೆ ಓಡಿ ಓಡಿ, ರಜೆಯ ದಿನವೂ ಅವಳ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ.

“ಏನ್ರೀ ಇದು, ಕಲ್ಲುಗುಂಡಿನ ಹಾಗೆ ಕೂತಿದ್ದೀರಿ?”

“ಬಸ್ ಬರಬೇಕು ಕಣೆ.”

“ಯಾವ ಬಸ್ಸು?”

“ಇಲ್ಲಿದೆಯಲ್ಲ. ಇನ್ನೂ ಟೈಮಿದೆ.”

“ದಿನಾ ಅಲ್ಲಿ ಕಾಯೋದು ಸಾಲದು ಅಂತ ಮನೇಲೂ ಕಾಯ್ತಾ ಇದ್ದೀರಾ!” ಎನ್ನುತ್ತ ಅಮ್ಮ ಬಟ್ಟೆ ಎಳೆದಳು. ಗುಂಡಿಗೆ ತಗಲಿತು. ಪರದೆಯ ಮೇಲೆ ಬಸ್ಸು ಬಂತು, ಅಣ್ಣ ಹತ್ತಿದ, ಹೋದ.

“ಅಯ್ಯೋ! ಹೊತ್ತಿಗೆ ಮುಂಚೆ ಬಸ್ ಬಿಡ್ತಾರಾ ಯಾರಾದ್ರೂ?” ಎಂದು ಅಪ್ಪ ಸಿಡುಕಿದ. “ಪಾಪ, ಹುಡುಗ ಒಬ್ಬನೇ ಹೋಗಿಬಿಟ್ಟ.”

“ಹಾಗಾದ್ರೆ ವಾಪಸ್ ಕರೀರಿ,” ಎಂದು ನಗುತ್ತ ಅಮ್ಮ ಬಟ್ಟೆ ಒಣಹಾಕಲು ಮಹಡಿಗೆ ಹತ್ತಿದಳು.

ಗಡಿಯಾರದ ಮುಳ್ಳು ತಿರುಗಿಸುತ್ತೀಯಾ ಎಂದು ಕಥೆ ಕೇಳಿತು. ಅಪ್ಪ ತಿರುಗಿಸಿದ. ಮತ್ತೆ ಅದೇ ಬೆಳಗು, ಅದೇ ಬೆಂಚು. ಏನು ಮಾಡುತ್ತೀಯ? ಬ್ಯಾಗು ಬಚ್ಚಿಡು. ಜ್ವರದ ಸುಳ್ಳು ಹೇಳು. ಚಕ್ರದ ಗಾಳಿ ತೆಗೆ. ಅಪ್ಪ ಮೇಲಿಂದ ಕೆಳಗೆ ಓದಿದ, ಕೆಳಗಿಂದ ಮೇಲೆ ಓದಿದ. ಗಾಳಿ ತೆಗೆಯುವ ಮಾತಿಗಂತೂ ಹುಬ್ಬು ಗಂಟಿಕ್ಕಿದ. ಯಾವುದನ್ನೂ ಆರಿಸದೆ ಮತ್ತೆ ಮುಳ್ಳು ತಿರುಗಿಸಿ ನೋಡಿದ. ಏನೋ ತಪ್ಪಿಹೋಗಿದೆ ಎನ್ನುವವನ ಹಾಗೆ ಬಗ್ಗಿ ಬಗ್ಗಿ ಹುಡುಕಿದ.

“ಇವನ ಪಕ್ಕ ಕೂತ್ಕೊಳ್ಳೋದು ಎಲ್ಲಿದೆ?”

ಅಲ್ವಾ ನೀರು ನುಂಗಿದಳು. ಅರ್ಧ ಮೂಗಿಗೇರಿತು.

“ಇಲ್ಲ ಅಲ್ವಾ?” ಎಂದ ಅಪ್ಪ, ಮಗಳ ಮಾತನ್ನೇ ಎರವಲು ಪಡೆದವನ ಹಾಗೆ. “ನಂಗೆ ಇದ್ರಲ್ಲಿ ಯಾವುದೂ ಬೇಡ ಮರಿ. ಹೊರಟವನ ಕಾಲು ಕಟ್ಟೋದು ಯಾಕೆ? ಬಸ್ ಬರೋವರೆಗೂ ಜೊತೇಲಿ ಕೂರೋಣ ಅಂದ್ರೆ ಅದಕ್ಕೆ ಜಾಗಾನೇ ಇಟ್ಟಿಲ್ಲ ನೀನು.” ಕನ್ನಡಕ ತೆಗೆದು ಎದ್ದುಬಿಟ್ಟ. ಎದ್ದ ಮೇಲೆ ನಿಯಮ ನೆನಪಾಗಿ ಮುಖ ಸಣ್ಣಗಾಯಿತು. “ಅಯ್ಯೋ, ಏಳಬಾರದಿತ್ತು ಅಲ್ವಾ? ಬೇಕಾದ್ರೆ ಪುನಃ ಕೂತ್ಕೋತೀನಿ.”

“ಬೇಡಪ್ಪ. ಎದ್ದಾಯ್ತಲ್ಲ.”

ಕೆಮ್ಮುತ್ತ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಳು ಬರುತ್ತದೆ ಎಂದುಕೊಂಡಿದ್ದಳು; ಬಂದದ್ದು ನಗು. ಕಲ್ಲು ಎಲ್ಲಿ ಒತ್ತುತ್ತಿತ್ತು ಎಂದು ಈಗ ಗೊತ್ತಾಗಿತ್ತು. ತಂಗಿಯ ಕೈಯಲ್ಲಿ ಅಷ್ಟೊಂದು ಉಪಾಯ ಮಾಡಿಸಿದ್ದಳು, ಅವಳನ್ನು ಒಮ್ಮೆಯೂ ಕೂರಿಸಿರಲಿಲ್ಲ.

ಚಿತ್ರ ಬರೆದ ಗೆಳತಿಗೆ ಫೋನು ಹಚ್ಚಿದಳು. ಅವಳನ್ನು ಕ್ಲಾಸಿನಲ್ಲಿ ಎಲ್ಲರೂ ಕರೆಯುವುದು ಗೆರೆ ಎಂದೇ.

“ಗೆರೆ, ಬೈಬೇಡ. ಬೆಂಚಿನ ಮೇಲೆ ಇನ್ನೊಬ್ಬಳು ಕೂತ ಚಿತ್ರ ಬೇಕು. ಈಗಲೇ.”

“ತಲೆ ಕೆಟ್ಟಿದೆಯಾ? ಸಂಜೆಗೆ ಪ್ರದರ್ಶನ ಇಟ್ಕೊಂಡು!”

“ಜಾಗ ಸಾಲಲ್ವಾ?”

“ಜಾಗ ಇದೆ ಮಾರಾಯ್ತಿ. ಅಣ್ಣನ್ನ ಒಂದು ತುದಿಗೆ ಕೂರಿಸಿದ್ದು ಯಾಕೆ ಅಂದ್ಕೊಂಡೆ? ತಂಗಿ ಬಂದು ಕೂರ್ತಾಳೆ ಅಂತ. ನೀನು ಅವಳನ್ನ ಊರೆಲ್ಲ ಓಡಿಸಿದೆ.”

“ಮೊದಲೇ ಹೇಳಬಾರದಾ?”

“ನೀನು ಕೇಳೋದು ಬರೀ ‘ಚೆನ್ನಾಗಿದೆ ಅಲ್ವಾ’ ಅಂತ. ‘ಏನು ಕಮ್ಮಿಯಾಗಿದೆ’ ಅಂತ ಯಾವತ್ತು ಕೇಳಿದೆ?”

ಅಲ್ವಾಳಿಗೆ ಇನ್ನೊಂದು ಹುಳ ಕೊರೆಯಿತು. “ಆಡೋದಕ್ಕೆ ಅಮ್ಮನ್ನ ಕೂರಿಸಬೇಕು. ಆದ್ರೆ ಬೆಳಿಗ್ಗೆ ಮೇಜು ಒರೆಸುವಾಗ ಒಂದು ಸಲ ಗುಂಡಿ ಒತ್ತಿಬಿಟ್ಟಳು. ಆಡಿದ ಹಾಗೇ ಆಗಲ್ವಾ?”

“ಧೂಳು ಹೊಡೆಯೋದು ಆಟ ಅಂತಾದ್ರೆ ನಮ್ಮಜ್ಜಿ ಚಾಂಪಿಯನ್ನು. ಇಡು ಫೋನು!”

ಮಧ್ಯಾಹ್ನದ ಹೊತ್ತಿಗೆ ಚಿತ್ರ ಬಂತು. ಅಲ್ವಾ ಕಾಲು ಗಂಟೆಯ ಮಾತನ್ನು ಅಳಿಸಿ ‘ಬಸ್ಸು ಇನ್ನೇನು ಬರಬಹುದು’ ಎಂದು ಮಾಡಿದಳು. ಅಣ್ಣ ಹೋಗದೆ ಉಳಿಯುವ ಹಳೆಯ ಕೊನೆಯನ್ನು ತೆಗೆದುಹಾಕಿ, ಆಯ್ಕೆಗಳ ಕೊನೆಗೆ ‘ಪಕ್ಕದಲ್ಲಿ ಕೂತುಕೋ’ ಎಂದು ಸೇರಿಸಿದಳು. ಕೂತವರು ಗುಂಡಿ ಒತ್ತಿದರೆ ಅಣ್ಣ ತುಟಿ ಬಿಚ್ಚದೆ ಬಸ್ಸು ಹತ್ತುತ್ತಾನೆ. ಒತ್ತದೆ ಸ್ವಲ್ಪ ಹೊತ್ತು ಸುಮ್ಮನಿದ್ದರೆ ಅವನೇ ಮಾತಾಡುತ್ತಾನೆ. ಅಲ್ಲಿಂದ ಕಥೆ ಮುಗಿಯುತ್ತದೆ. ಬರೆದು ಮುಗಿಸಿದ ಮೇಲೆ ಬೆವರಿದಳು. ಸುಮ್ಮನಿರುವುದು ಅಮ್ಮನಿಂದ ಆಗುವ ಕೆಲಸವೇ?

“ಬೇಳೆ ಇಟ್ಟಿದ್ದೀನಿ. ಕುಕ್ಕರ್ ಕೂಗಿದ ತಕ್ಷಣ ಏಳೋಳೇ,” ಎಂದು ಅಮ್ಮ ಮೊದಲೇ ಹೇಳಿ ಕೂತಳು. ಹಿಂದೆ ಎರಡು ಸ್ಟೂಲು. ಬೆಳಗಿನ ಆಟ ಗೊತ್ತಿದ್ದ ಅಪ್ಪನ ಬಾಯಿಗೂ ನೀರು ತುಂಬಿಸಿದ್ದಳು ಅಲ್ವಾ. ತಂದೆ ಮಗಳು ಕೆನ್ನೆ ಉಬ್ಬಿಸಿಕೊಂಡು ಒಬ್ಬರ ಮುಖ ಒಬ್ಬರು ನೋಡದಂತೆ ಕೂತರು. ನೋಡಿದರೆ ನಗು ಉಕ್ಕುವ ಭಯ.

ಅಮ್ಮ ಗುಂಡಿ ಒತ್ತುವ ರೀತಿಯೇ ಬೇರೆ. ಟಕ್ ಟಕ್ ಟಕ್. ಬ್ಯಾಗು ಬಚ್ಚಿಟ್ಟಳು, ಅಣ್ಣ ಕೋಪಿಸಿಕೊಂಡು ನಡೆದೇ ಹೊರಟ. “ಮೊಂಡ!” ಮುಳ್ಳು ತಿರುಗಿಸಿದಳು. ಜ್ವರದ ಸುಳ್ಳು ಹೇಳಿದಳು, ಅಣ್ಣ ನಂಬಲಿಲ್ಲ. “ಥರ್ಮಾಮೀಟರ್ ಇಟ್ಟು ತೋರಿಸಬೇಕಾ ನಿಂಗೆ?” ಮತ್ತೆ ತಿರುಗಿಸಿದಳು. ಗಾಳಿ ತೆಗೆದಳು, ಇನ್ನೊಂದು ಬಸ್ಸು ಬಂತು. ಅಡುಗೆಮನೆಯಲ್ಲಿ ಕುಕ್ಕರ್ ಸಣ್ಣಗೆ ಬುಸುಗುಡಲು ಶುರುಮಾಡಿತು. ಅಮ್ಮನ ಒಂದು ಕಾಲು ಆಗಲೇ ಕುರ್ಚಿಯಿಂದ ಹೊರಗೆ ಬಂದಿತ್ತು.

ಅಲ್ವಾ ಕಣ್ಣು ಮುಚ್ಚಿಕೊಂಡಳು.

“ಪಕ್ಕದಲ್ಲಿ ಕೂತುಕೋ. ಹೂಂ, ಅದೇ ಸರಿ. ಓಡಾಡಿ ಓಡಾಡಿ ಕಾಲು ಬಿದ್ದುಹೋಗಿದೆ ನಂಗೆ.”

ಪರದೆಯ ಮೇಲೆ ತಂಗಿ ಬಂದು ಬೆಂಚಿನ ಇನ್ನೊಂದು ತುದಿಗೆ ಕೂತಳು. ಅಮ್ಮನ ಬೆರಳು ಗುಂಡಿಯ ಮೇಲೆ ಇತ್ತು. ಅಲ್ಲೇ ಇತ್ತು.

“ತಿಂಡಿ ತಿಂದ್ಯೇನೋ?” ಎಂದಳು ಪರದೆಗೆ. “ಮುಖ ನೋಡಿದ್ರೇ ಗೊತ್ತಾಗತ್ತೆ, ತಿಂದಿಲ್ಲ. ಕೋಪ ಮಾಡ್ಕೊಂಡು ಹೋಗೋರೆಲ್ಲ ಹಸ್ಕೊಂಡೇ ಹೋಗ್ತಾರೆ. ಹಾಳಾದ್ದು ಅದ್ಯಾವ ಶಾಸ್ತ್ರವೋ.” ಸ್ವಲ್ಪ ಹೊತ್ತು ಬಿಟ್ಟು, ಮೆಲ್ಲಗೆ, “ವಾರ್ಡಿನಲ್ಲೂ ಹೀಗೇ. ‘ಸಿಸ್ಟರ್, ಒಂದು ನಿಮಿಷ ಕೂತ್ಕೊಳ್ಳಿ’ ಅಂತಾರೆ. ಎಲ್ಲಿ ಆಗತ್ತೆ...”

ಆಗ ಕುಕ್ಕರ್ ಕೂಗಿತು, ಮನೆಯೇ ಹಾರಿಹೋಗುವಂತೆ.

ಅಮ್ಮ ಏಳಲಿಲ್ಲ. “ಆರಿಸಿ ಬನ್ರೀ ಅದನ್ನ!”

ಅಪ್ಪ ಬಾಯಿ ತುಂಬ ನೀರಿಟ್ಟುಕೊಂಡೇ ಅಡುಗೆಮನೆಗೆ ಓಡಿದ, ಒಲೆ ಆರಿಸಿದ, ಒಂದು ಹನಿಯೂ ಚೆಲ್ಲದಂತೆ ವಾಪಸು ಓಡಿಬಂದು ಕೂತ. ಅಷ್ಟರಲ್ಲಿ ಪರದೆಯ ಮೇಲೆ, ಯಾರೂ ಒತ್ತದೆಯೇ, ಅಣ್ಣನ ಮಾತು ಮೂಡಿತು.

“ನೀನು ತಡೀತೀಯ ಅಂದುಕೊಂಡಿದ್ದೆ,” ಎಂದು ಅಮ್ಮ ಓದಿದಳು. ಅವಳ ಸ್ವರ ಇಳಿದಿತ್ತು. “ಬ್ಯಾಗು ಇಲ್ಲೇ ಇದೆ, ನೋಡು. ಬಚ್ಚಿಡಲಿಲ್ಲವಲ್ಲ ನೀನು. ತಲುಪಿದ ಕೂಡಲೇ ಫೋನ್ ಮಾಡ್ತೀನಿ. ನೀನೇ ಎತ್ತಬೇಕು.”

ಬಸ್ಸು ಬಂತು. ಅಣ್ಣ ಹತ್ತಿದ. ಕಿಟಕಿಯಿಂದ ಕೈ ಆಡಿಸಿದ. ಬೆಂಚಿನ ಮೇಲೆ ತಂಗಿ, ಅವಳ ಪಕ್ಕದಲ್ಲಿ ಗಡಿಯಾರ. ಅದರ ಮುಳ್ಳು ತನ್ನಷ್ಟಕ್ಕೆ ಮುಂದಕ್ಕೆ ಹೋಗುತ್ತಿತ್ತು.

ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. “ಹೋಗ್ಲಿ ಬಿಡು. ಫೋನ್ ಮಾಡ್ತಾನಂತೆ.” ಹಿಂದೆ ತಿರುಗಿದಳು. “ಏನು ಕಪ್ಪೆಗಳ ಹಾಗೆ ಕೂತಿದ್ದೀರಿ ಇಬ್ಬರೂ? ಇದು ಮುಗೀತೋ ಇಲ್ವೋ?”

ಅಲ್ವಾ ನೀರು ನುಂಗಿದಳು. ಈ ಸಲ ನೇರವಾಗಿ ಗಂಟಲಿಗೇ ಇಳಿಯಿತು.

“ಮುಗೀತಮ್ಮಾ. ಚೆನ್ನಾಗಿದೆ,” ಎಂದಳು. ಮುಂದಕ್ಕೆ ಏನೋ ಬರಬೇಕೆಂದು ಅಪ್ಪ ಅಮ್ಮ ಇಬ್ಬರೂ ಅವಳ ಮುಖ ನೋಡಿದರು. ಏನೂ ಬರಲಿಲ್ಲ. ಅವಳಾಗಲೇ ಎದ್ದು, ಬಾಗಿಲಲ್ಲಿ ಕಾಲಿಗೆ ಸಿಕ್ಕಿದ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು.

ಅಪ್ಪ ಕಿಟಕಿಗೆ ಹೋಗಿ ಬಾಯಲ್ಲಿದ್ದ ನೀರನ್ನು ಹೂಕುಂಡಕ್ಕೆ ಉಗುಳಿ, ಕೈಗಡಿಯಾರ ನೋಡಿಕೊಂಡ.

“ಈಗ ಸರಿ,” ಎಂದ. “ಬಸ್ಸು ಹೊತ್ತಿಗೆ ಸರಿಯಾಗಿ ಹೊರಟಿತು.”