ಬ್ರೇಕ್ ಮುಟ್ಟದ ಸಾವ್ಕಾರ

ಪರಮಶಿವಪ್ಪನವರು ಹೈಬ್ರಿಡ್ ಕಾರು ತಂದದ್ದು ಮೈಲೇಜಿನ ಆಸೆಗೆ. ಶಿರಾಳಕೊಪ್ಪದಲ್ಲಿ ಅವರದು ಪಂಪ್‌ಸೆಟ್ಟು, ಪೈಪು ಮಾರುವ ದೊಡ್ಡ ಅಂಗಡಿ. ಕಾರು ಬಂದ ಹೊಸತರಲ್ಲಿ ಗಿರಾಕಿಗಳನ್ನು ಹೊರಗೆ ಕರೆದು ಬಾನೆಟ್ ಎತ್ತಿ ತೋರಿಸುತ್ತಿದ್ದರು. "ಪೆಟ್ರೋಲ್ ಇಂಜಿನ್ನೂ ಐತಿ, ಬ್ಯಾಟರಿ ಮೋಟಾರೂ ಐತಿ. ಚಾರ್ಜಿಗೆ ಹಾಕೋ ತಾಪತ್ರಯ ಇಲ್ಲ, ಓಡ್ತಾ ಓಡ್ತಾ ತಾನೇ ಚಾರ್ಜ್ ಆಗ್ತೈತಿ. ಲೀಟರಿಗೆ ಎಷ್ಟು ಕೊಡ್ತೈತಿ ಗೊತ್ತೇನು?"

ಶೋರೂಮಿನವರು ಹೇಳಿದಷ್ಟನ್ನು ಅದು ಅವರ ಕೈಯಲ್ಲಿ ಒಂದು ದಿನವೂ ಕೊಡಲಿಲ್ಲ. ಅವರು ಗಾಡಿ ಓಡಿಸುತ್ತಿದ್ದ ರೀತಿಯೇ ಹಾಗಿತ್ತು. ರಸ್ತೆ ಖಾಲಿ ಕಂಡರೆ ಕಾಲು ಪೂರ್ತಿ ಒತ್ತುವುದು, ಹಂಪ್ ಹತ್ತಿರ ಬಂದಾಗ ಕೂತವರ ತಲೆ ಮುಂದಿನ ಸೀಟಿಗೆ ಬಡಿಯುವಂತೆ ಬ್ರೇಕ್ ಹೊಡೆಯುವುದು, ಎದುರಿಗೆ ಬಂದವನನ್ನು ಬೈಯುವುದು, ಮತ್ತೆ ಒತ್ತುವುದು. ಶೋರೂಮಿಗೆ ಫೋನ್ ಮಾಡಿದರೆ ಅಲ್ಲಿಯ ಹುಡುಗಿ, "ಸರ್, ಅದು ಓಡಿಸೋರ ಮೇಲೆ ಹೋಗುತ್ತೆ" ಎಂದಳು. ಆ ಮಾತನ್ನು ಅವರು ಬಹಳ ದಿನ ಮರೆಯಲಿಲ್ಲ.

ಅವರ ಹೆಂಡತಿ ನೀಲಾಂಬಿಕ ಡ್ರೈವಿಂಗ್ ಕಲಿತದ್ದು ಕೂದಲು ನರೆಯಲು ಶುರುವಾದ ಮೇಲೆ, ಮಗ ಗುರುಪ್ರಕಾಶನ ಕೈಯಲ್ಲಿ. ಭಯಕ್ಕೋ ಏನೋ, ಅವರು ರಸ್ತೆಯನ್ನು ಬಹಳ ದೂರದವರೆಗೆ ನೋಡಿಕೊಂಡು ಓಡಿಸುತ್ತಿದ್ದರು. ಮುಂದಿನ ಲಾರಿ ನಿಧಾನವಾಗುವ ಲಕ್ಷಣ ಕಂಡರೆ ಆಗಲೇ ಕಾಲು ಎತ್ತುತ್ತಿದ್ದರು. ಹಂಪು ಇನ್ನೂ ದೂರವಿರುವಾಗಲೇ ಬ್ರೇಕಿನ ಮೇಲೆ ಮೆಲ್ಲಗೆ ಪಾದ ಇಡುತ್ತಿದ್ದರು. ಹಾಗೆ ಇಟ್ಟಾಗ ಸ್ಕ್ರೀನಿನಲ್ಲಿ ಚಕ್ರದ ಕಡೆಯಿಂದ ಬ್ಯಾಟರಿಯ ಕಡೆಗೆ ಹಸಿರು ಬಾಣವೊಂದು ಓಡುತ್ತಿತ್ತು. ನಿಧಾನಕ್ಕೆ ನಿಲ್ಲಿಸಿದರೆ ಗಾಡಿಯ ವೇಗವೇ ಕರೆಂಟಾಗಿ ಬ್ಯಾಟರಿಗೆ ವಾಪಸ್ ಬರುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಜಡೆ ಎಂಬ ಊರಿನಲ್ಲಿದ್ದ ಅಕ್ಕ ವರದಮ್ಮನ ಮನೆಗೆ ಹೋಗಿ ಬರುವಷ್ಟರಲ್ಲಿ ನೋಡಿ ತಿಳಿದುಕೊಂಡಿದ್ದರು.

ಒಂದು ದಿನ ಊಟಕ್ಕೆ ಕೂತಾಗ ಗುರುಪ್ರಕಾಶ್ ಸಹಜವಾಗಿ ಹೇಳಿಬಿಟ್ಟ. "ಅಪ್ಪಾಜಿ, ಅಮ್ಮ ಜಡೆಗೆ ಹೋಗಿಬಂದಾಗಷ್ಟೇ ಕಂಪನಿ ಹೇಳಿದ ಮೈಲೇಜ್ ಬರ್ತಿರೋದು. ನೀವೂ ಅಮ್ಮನ ಹಂಗೆ ಓಡಿಸಿ ನೋಡ್ರಿ."

ಪರಮಶಿವಪ್ಪ ಮುರಿದ ರೊಟ್ಟಿಯನ್ನು ತಟ್ಟೆಗೇ ಹಾಕಿದರು. "ಆ ಸ್ಕ್ರೀನೇ ಸರಿ ಇಲ್ಲ" ಎಂದು ಎದ್ದು ಕೈ ತೊಳೆದರು.

ಅಂದಿನಿಂದ ಕಾರಿನ ಕೀ ಅವರ ಜೇಬಿಗೆ ಹೋಯಿತು. ಕೇಳಿದರೆ, "ಬ್ಯಾಟರಿ ಗಾಡಿ, ಸೂಕ್ಷ್ಮ ಇರ್ತೈತಿ, ಎಲ್ಲರ ಕೈಗೂ ಕೊಡಾಕ್ ಬರಂಗಿಲ್ಲ" ಎಂದರು. ಮರುವಾರ ನೀಲಾಂಬಿಕ ಊಟದ ಕ್ಯಾರಿಯರ್ ಹಿಡಿದು ಅಂಗಡಿಯ ಮೆಟ್ಟಿಲು ಹತ್ತುವಾಗ ಒಳಗೆ ಗಂಡ ಯಾರಿಗೋ ಹೇಳುತ್ತಿದ್ದುದು ಕೇಳಿಸಿತು. "ನಮ್ಮ ಮನಿಯವಳು ಓಡಿಸಿ ಓಡಿಸಿ ಮೈಲೇಜ್ ಕೆಡಿಸಿಟ್ಟಾಳ. ಈಗ ನಾನು ಸರಿ ಮಾಡಾಕತ್ತೀನಿ."

ಕೇಳಿದವರು ನಕ್ಕರು. ನೀಲಾಂಬಿಕ ಕ್ಯಾರಿಯರನ್ನು ಕೌಂಟರಿನ ಮೇಲಿಟ್ಟು ಹೊರಗೆ ಬಂದರು. ಮನೆಯವರೆಗೂ ಬಿಸಿಲಿನಲ್ಲಿ ನಡೆದರು. ಯಾರೋ ಕರೆದದ್ದು ಅವರ ಕಿವಿಗೆ ಬೀಳಲಿಲ್ಲ. ಮದುವೆಯಾದಾಗಿನಿಂದ ಗಂಡನ ಸಿಟ್ಟನ್ನು ಅವರು ಗಾಳಿ ಮಳೆಯ ಹಾಗೆ ಸಹಿಸಿಕೊಂಡು ಬಂದವರು. ಆದರೆ ಇದು ಸಿಟ್ಟಲ್ಲ, ಸುಳ್ಳು. ಸುಳ್ಳು ಎಂದು ಗೊತ್ತಿದ್ದೂ ಹೇಳಿದ ಸುಳ್ಳು.

ಪರಮಶಿವಪ್ಪ ಮಾತ್ರ ಹಟ ಹಿಡಿದು ಕೂತರು. ದಿನಾ ಫೋನಿನಲ್ಲಿ ಮೈಲೇಜಿನ ವಿಡಿಯೋಗಳನ್ನು ನೋಡಿದರು. ಎಸಿ ಬಂದ್ ಆಯಿತು. ಕಿಟಕಿ ತೆಗೆದರೆ ಗಾಳಿ ತಡೆಯುತ್ತದೆ ಎಂದು ಕಿಟಕಿಯೂ ಬಂದ್ ಆಯಿತು. ಹತ್ತು ಜನರ ಮಾತಿನಿಂದ ತಮಗೆ ಬೇಕಾದ ಒಂದನ್ನು ಆರಿಸಿಕೊಂಡರು: ಬ್ರೇಕ್ ಎಂದರೆ ನಷ್ಟ. ಮುಟ್ಟಲೇಬಾರದು.

ಸುಗ್ಗಿ ಮುಗಿದ ಮೇಲೆ ವರದಮ್ಮನ ಮಗಳು ಸೌಂದರ್ಯಳ ನಿಶ್ಚಿತಾರ್ಥ ಸೊರಬದ ಕಲ್ಯಾಣ ಮಂಟಪದಲ್ಲಿ ಇತ್ತು. ಗಂಡ ಹೆಂಡತಿ ಇಬ್ಬರೇ ಹೊರಟರು. ಗುರುಪ್ರಕಾಶ್ ಅಂಗಡಿ ನೋಡಿಕೊಳ್ಳಲು ಉಳಿದ. ಬಿಸಿಲು ಏರಿತ್ತು. ಕಾರಿನೊಳಗೆ ರೇಷ್ಮೆ ಸೀರೆ ಮೈಗೆ ಅಂಟಿಕೊಂಡಿತು.

"ಎಸಿ ಹಾಕ್ರಿ. ಉಸಿರು ಕಟ್ತಾ ಇದೆ" ಎಂದರು ನೀಲಾಂಬಿಕ.

"ಸ್ವಲ್ಪ ತಡಿ. ಇವತ್ತು ಬಾಳ ಚೆನ್ನಾಗಿ ಬರಾಕತ್ತೈತಿ." ಪರಮಶಿವಪ್ಪನವರ ಕಣ್ಣು ರಸ್ತೆಯ ಮೇಲೆ ಇದ್ದುದಕ್ಕಿಂತ ಹೆಚ್ಚು ಹೊತ್ತು ಸ್ಕ್ರೀನಿನ ಮೇಲಿತ್ತು. "ಸೊರಬ ಮುಟ್ಟಿದ ಕೂಡ್ಲೇ ಫೋಟೋ ಹೊಡೆದು ಗುರುಗೆ ಕಳಿಸ್ತೀನಿ. ಅವನೂ ನೋಡ್ಲಿ."

ಕೆರೆ ಏರಿ ದಾಟಿದ ಮೇಲೆ ಉದ್ದನೆಯ ಇಳಿಜಾರು ಬಂತು. ಇಂಜಿನ್ ನಿಂತು, ಕಾರು ಬ್ಯಾಟರಿಯ ಮೇಲೆ ಸದ್ದಿಲ್ಲದೆ ಇಳಿಯತೊಡಗಿತು. ಇಳಿಜಾರಿನ ಕೊನೆಯಲ್ಲಿ ಒಂದು ಕುರಿಮಂದೆ ರಸ್ತೆ ದಾಟುತ್ತಿತ್ತು. ಕೊಯ್ಲಾದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸಲು ಬಂದವರ ಕುರಿಗಳು. ನೀಲಾಂಬಿಕ ಅದನ್ನು ದೂರದಿಂದಲೇ ಕಂಡರು.

"ಕುರಿ ಅದಾವೆ. ನಿಧಾನ ಮಾಡ್ರಿ."

"ನೋಡೀನಿ."

"ಬ್ರೇಕ್ ಹಾಕ್ರಿ."

"ನಾವು ಹೋಗೋ ಹೊತ್ತಿಗೆ ದಾಟ್ತಾವ. ಸುಮ್ನಿರು."

ಕುರಿಗಳು ದಾಟಲಿಲ್ಲ. ಬೇರೆ ಗಾಡಿಯಾಗಿದ್ದರೆ ಇಂಜಿನ್ನಿನ ಸದ್ದಿಗಾದರೂ ಚದುರುತ್ತಿದ್ದವೋ ಏನೋ, ಇದು ಬಂದದ್ದೇ ಅವಕ್ಕೆ ತಿಳಿಯಲಿಲ್ಲ. ನೀಲಾಂಬಿಕ ಕೈ ಚಾಚಿ ಸ್ಟಿಯರಿಂಗಿನ ನಡುವೆ ಗುದ್ದಿ ಹಾರ್ನ್ ಮಾಡಿದರು. ಮಂದೆ ಎರಡು ಪಾಲಾಯಿತು. ಹಿಂದುಳಿದಿದ್ದ ಬಸುರಿನ ಹೊಟ್ಟೆ ಹೊತ್ತ ಒಂದು ಕುರಿ ಮಾತ್ರ ಓಡಲಾರದೆ ಅಲ್ಲೇ ನಿಂತಿತು. ಪರಮಶಿವಪ್ಪ ಬ್ರೇಕ್ ಹೊಡೆದದ್ದು ಬಂಪರ್ ಅದಕ್ಕೆ ತಾಗುವ ಹೊತ್ತಿಗೆ.

ದಪ್ ಎಂದು ಒಂದೇ ಸದ್ದು ಬಂತು.

ನೀಲಾಂಬಿಕ ಬಾಗಿಲು ತೆಗೆದು ಓಡಿದರು. ಕುರಿ ರಸ್ತೆಯ ಅಂಚಿಗೆ ಬಿದ್ದಿತ್ತು. ಹಿಂಗಾಲು ತಿರುಚಿಕೊಂಡು ರಕ್ತ ಸೋರುತ್ತಿತ್ತು. ಗದ್ದೆಯಿಂದ ಒಬ್ಬ ಹೆಂಗಸು ಸೀರೆ ಎತ್ತಿ ಕಟ್ಟಿಕೊಂಡು ಓಡಿಬಂದಳು. ಅವಳ ಹಿಂದೆ ಕೋಲು ಹಿಡಿದ ಗಂಡ. ಉಡುತಡಿಯ ಲೋಕಪ್ಪ, ಮಾಳಮ್ಮ ಅವರು. ಮಾಳಮ್ಮ ಕುರಿಯ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡು, ಹೊಟ್ಟೆಯ ಮೇಲೆ ಅಂಗೈ ಇಟ್ಟು ನೋಡಿ, ಕಾರಿನ ಕಡೆ ತಿರುಗಿದಳು.

"ಕಣ್ಣು ಕಾಣಂಗಿಲ್ಲೇನ್ರಿ ಸಾವ್ಕಾರ್ರೆ? ಇಷ್ಟು ದೊಡ್ಡ ಮಂದೆ ನಿಂತಿದ್ದು ಕಾಣಲಿಲ್ಲೇನು?"

ಪರಮಶಿವಪ್ಪ ಮೊದಲು ಬಂಪರ್ ನೋಡಿದರು. ಆಮೇಲೆ ಹೇಳಿದರು: "ರಸ್ತೆ ಮೇಲೆ ಕುರಿ ಬಿಟ್ಟು ಗದ್ದೇಲಿ ಕೂತ್ರೆ ಇನ್ನೇನಾಗ್ತೈತಿ? ತಪ್ಪು ನಿಮ್ಮದು." ಹಾಗೆಂದು ಪರ್ಸ್ ತೆಗೆದರು. "ಎಷ್ಟಾಗ್ತೈತಿ ಹೇಳ್ರಿ. ಕೊಟ್ಟು ಹೋಗ್ತೀನಿ. ನಮಗೆ ಕಾರ್ಯ ಐತಿ."

"ನಿನ್ನ ರೊಕ್ಕ ಜೇಬಿನಾಗೆ ಇಟ್ಕ" ಎಂದಳು ಮಾಳಮ್ಮ. ಬಹುವಚನ ಬಿದ್ದುಹೋಗಿತ್ತು. "ಗಬ್ಬದ ಕುರಿ ಇದು. ಮೊದ್ಲು ದನದ ಆಸ್ಪತ್ರೆಗೆ ಒಯ್ಯಿ."

"ಇದನ್ನ ಕಾರಿನಾಗೆ ಹಾಕ್ಕೊಂಡಾ? ಸೀಟು—"

ಆ 'ಸೀಟು' ಎಂಬ ಮಾತಿಗೆ ನೀಲಾಂಬಿಕರ ಒಳಗೆ ಅಷ್ಟು ದಿನದಿಂದ ಬಿಗಿಹಿಡಿದಿದ್ದ ಏನೋ ಹರಿದುಹೋಯಿತು. ಅವರು ಎದ್ದು ಗಂಡನ ಮುಂದೆ ನಿಂತರು. ದನಿ ಏರಿಸಲಿಲ್ಲ.

"ಕೀ ಕೊಡ್ರಿ."

"ನೀಲಾ, ನಿನಗೆ ತಿಳಿಯಂಗಿಲ್ಲ, ನೀನು ಕೂತ್ಕೋ."

"ನನಗೆ ತಿಳೀತದೆ. ನಾನು ಹೇಳ್ದೆ, ನೀವು ಕೇಳಿದ್ರಿ, ಕೇಳಿಯೂ ಬ್ರೇಕ್ ಹಾಕಲಿಲ್ಲ. ಕೀ ಕೊಡ್ರಿ."

ಮೂವರ ಕಣ್ಣೂ ತಮ್ಮ ಮೇಲಿದ್ದುದನ್ನು ಕಂಡು ಪರಮಶಿವಪ್ಪ ಕೀ ಕೊಟ್ಟರು. ಲೋಕಪ್ಪನೂ ನೀಲಾಂಬಿಕರೂ ಸೇರಿ ಕುರಿಯನ್ನು ಹಿಂದಿನ ಸೀಟಿಗೆ ಎತ್ತಿದರು. ಮಾಳಮ್ಮ ಅದನ್ನು ತಬ್ಬಿಕೊಂಡು ಕೂತಳು. ಪರಮಶಿವಪ್ಪ ಮುಂದಿನ ಬಾಗಿಲಿಗೆ ಕೈ ಹಾಕಿದಾಗ ನೀಲಾಂಬಿಕ ಒಳಗಿಂದಲೇ ಹೇಳಿದರು: "ನೀವು ಇಲ್ಲೇ ಇರ್ರಿ. ಮಂದೆ ಚದುರಿ ಹೋಗಿದೆ. ಅವರೊಬ್ಬರೇ ಎಷ್ಟು ಅಂತ ಕೂಡಿಸ್ತಾರೆ? ಚದುರಿಸಿದೋರು ನೀವು."

ಉತ್ತರಕ್ಕೆ ಕಾಯದೆ ಹೊರಟರು.

ಸೊರಬದವರೆಗೆ ಮಾಳಮ್ಮ ಬೈಯುತ್ತಲೇ ಬಂದಳು. ಕಾರು ಇದ್ದವರನ್ನು, ರಸ್ತೆ ಮಾಡಿದವರನ್ನು, ಕುರಿಯನ್ನು ಹಿಂದೆ ಬಿಟ್ಟ ತನ್ನ ಗಂಡನನ್ನು. ನಡುನಡುವೆ ಕುರಿಯ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಮಾತಾಡುತ್ತಿದ್ದಳು. ನೀಲಾಂಬಿಕ ಎಸಿ ಹಾಕಿದರು, ಕಿಟಕಿಯನ್ನೂ ಒಂದಿಷ್ಟು ಇಳಿಸಿದರು. ಗುಂಡಿ ಕಂಡಲ್ಲೆಲ್ಲ ಮೊದಲೇ ನಿಧಾನ ಮಾಡಿದರು, ಕುರಿಯ ಕಾಲು ಅಲುಗದಿರಲಿ ಎಂದು.

"ನೀವಾದ್ರೂ ಹಿಡಿದು ನಿಲ್ಲಿಸಬಾರದಿತ್ತೇನು?" ಎಂದಳು ಮಾಳಮ್ಮ.

"ಹೇಳಿದೆ. ಕೇಳಲಿಲ್ಲ."

"ಹೇಳಿದ್ರೆ ಕೇಳೋ ಗಂಡಸರನ್ನ ನಾನೂ ನೋಡಿಲ್ಲ ಬಿಡ್ರಿ" ಎಂದಳು ಮಾಳಮ್ಮ. ಅದರಲ್ಲಿ ಸಮಾಧಾನವೇನೂ ಇರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಕಾಲನ್ನು ಎಳೆದು ಕೂಡಿಸಿ, ಬಿದಿರಿನ ಪಟ್ಟಿ ಇಟ್ಟು ಬಿಗಿಯಾಗಿ ಕಟ್ಟಿದರು. ಸೂಜಿ ಚುಚ್ಚಿದರು. ಕಾಲು ಕೂಡಬಹುದು, ಕುಂಟು ಉಳಿಯುತ್ತದೆ, ಮರಿಯ ವಿಷಯ ಈಗಲೇ ಹೇಳಲಾಗದು ಎಂದರು. ಇಬ್ಬರೂ ಹೆಂಗಸರು ಕುರಿಯನ್ನು ಮತ್ತೆ ಕಾರಿಗೆ ಏರಿಸಿ ಮಂದೆಯ ಹತ್ತಿರ ಬಂದಾಗ ಪರಮಶಿವಪ್ಪ ಬಿಳಿ ಅಂಗಿಗೆಲ್ಲ ಧೂಳು ಮಾಡಿಕೊಂಡು ಬದುವಿನ ಮೇಲೆ ಕೂತಿದ್ದರು. ಲೋಕಪ್ಪ ದೂರ ನಿಂತು ಕುರಿ ಎಣಿಸುತ್ತಿದ್ದ. ಮಂಟಪದವರೆಗೆ ನೀಲಾಂಬಿಕರೇ ಓಡಿಸಿದರು.

ಅವರು ಹೋಗುವ ಹೊತ್ತಿಗೆ ಶಾಸ್ತ್ರ ಮುಗಿದು ಮೊದಲ ಪಂಕ್ತಿ ಎದ್ದಿತ್ತು. ನೀಲಾಂಬಿಕರ ಸೆರಗಿನ ರಕ್ತ ನೋಡಿ ವರದಮ್ಮ ಗಾಬರಿಯಾದರು. ಜನ ಸುತ್ತ ಸೇರಿದರು. ಪರಮಶಿವಪ್ಪನವರಿಗೆ ದನಿ ವಾಪಸ್ ಬಂತು.

"ಏನಿಲ್ರಿ, ಒಂದು ಕುರಿ ಓಡಿಬಂದು ಗಾಡಿಗೆ ಬಿತ್ತು. ಈ ಕುರಿ ಕಾಯೋರಿಗೆ ರಸ್ತೆ ಅಂದ್ರೆ ಅವರ ಹಿತ್ಲು."

"ಕುರಿ ಓಡಿಬರಲಿಲ್ಲ" ಎಂದರು ನೀಲಾಂಬಿಕ. ಎಲ್ಲರೂ ಅವರತ್ತ ತಿರುಗಿದರು. "ನಿಂತಿತ್ತು. ಇವರು ನೋಡಿದ್ರು. ಬ್ರೇಕ್ ಹಾಕಿದ್ರೆ ಮೈಲೇಜ್ ಬೀಳ್ತದೆ ಅಂತ ಹಾಕಲಿಲ್ಲ."

ಯಾರೋ ಕಿಸಕ್ಕನೆ ನಕ್ಕರು. ವರದಮ್ಮನ ಮೈದುನ ಉಜ್ಜಪ್ಪ.

"ನಗೋ ಮಾತಲ್ಲ ಉಜ್ಜಪ್ಪ" ಎಂದರು ನೀಲಾಂಬಿಕ. "ಅಂಗಡೀಲೂ ಹಿಂಗೇ ನಗ್ತಾರೆ. ನಾನು ಮೈಲೇಜ್ ಕೆಡಿಸ್ದೆ ಅಂತ ಇವರು ಹೇಳ್ತಾರೆ, ಕೇಳಿದೋರು ನಗ್ತಾರೆ. ನನ್ನ ಕೈಲಿ ಚೆನ್ನಾಗಿ ಬರ್ತಿತ್ತು ಅನ್ನೋದಕ್ಕೇ ಇವರು ಕೀ ಕಸ್ಕೊಂಡಿದ್ದು. ಕುರಿ ಇದ್ದ ಜಾಗದಲ್ಲಿ ಅದನ್ನ ಕಾಯೋ ಮಾಳಮ್ಮ ಇದ್ದಿದ್ರೆ?"

ಉಜ್ಜಪ್ಪ ತಲೆ ತಗ್ಗಿಸಿದ. ಪರಮಶಿವಪ್ಪನವರ ಮುಖ ಕೆಂಪಾಗಿ, ಆಮೇಲೆ ಬೂದಿಯ ಬಣ್ಣಕ್ಕೆ ತಿರುಗಿತು. ಊಟಕ್ಕೂ ಕೂರದೆ ಹೊರಗೆ ಹೋದರು. ನೀಲಾಂಬಿಕ ಊಟ ಮಾಡಿ, ಸೌಂದರ್ಯಳನ್ನು ಹರಸಿ, ಕೀಯನ್ನು ಗಂಡನ ಕೈಗಿಟ್ಟು ಬಸ್ ಹತ್ತಿ ಊರಿಗೆ ಬಂದರು. ನೀವು ಓಡಿಸುವ ಗಾಡಿಯಲ್ಲಿ ನಾನು ಕೂರುವುದಿಲ್ಲ ಎಂದು ಹೇಳಿಯೇ ಬಂದರು.

ಕುರಿ ನೋಡಲು ಅವರು ಬಸ್ಸಿನಲ್ಲೇ ಹೋದರು, ಮತ್ತೂ ಒಮ್ಮೆ ಹೋದರು. ಮನೆಯ ಮುಂದೆ ಕಾರು ನಿಂತಿರುವಾಗ ಪರಮಶಿವಪ್ಪನವರ ಹೆಂಡತಿ ಬಸ್ ಸ್ಟ್ಯಾಂಡಿನಲ್ಲಿ ಕಾಯುವುದನ್ನು ಶಿರಾಳಕೊಪ್ಪ ಗಮನಿಸಿತು. ಮಾಳಮ್ಮ ಮಾತ್ರ ಅವರನ್ನು ನೋಡಿ ಕರಗಲಿಲ್ಲ.

"ನೀವ್ಯಾಕೆ ಬರ್ತೀರಿ ಅಮ್ಮಾರೆ? ಹೊಡೆದೋರು ಬರ್ಲಿ."

ನೀಲಾಂಬಿಕ ಮನೆಗೆ ಬಂದು ಆ ಮಾತನ್ನು ಗಂಡನಿಗೆ ಹಾಗೆಯೇ ಹೇಳಿದರು. "ಕುರಿ ಮುಂದೆ ನಿಂತು ಕೈ ಮುಗೀಬೇಕೇನು ನಾನು?" ಎಂದು ಪರಮಶಿವಪ್ಪ ಟಿವಿಯ ದನಿ ಏರಿಸಿದರು. ನೀಲಾಂಬಿಕ ಎದ್ದು ಟಿವಿ ಆರಿಸಿ ಒಳಗೆ ಹೋದರು.

ಆಮೇಲೊಂದು ಬೆಳಿಗ್ಗೆ ಲೋಕಪ್ಪ ಫೋನ್ ಮಾಡಿದ. ಕುರಿ ಕಂದು ಹಾಕಿತ್ತು. ಬೆಳೆದ ಮರಿ, ಉಸಿರಿರಲಿಲ್ಲ. ನೀಲಾಂಬಿಕ ತಿಂಡಿಯ ತಟ್ಟೆಯನ್ನು ಗಂಡನ ಮುಂದಿಟ್ಟು, "ಮರಿ ಹೋಯ್ತಂತೆ" ಎಂದಷ್ಟೇ ಹೇಳಿದರು. ಪರಮಶಿವಪ್ಪ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ನೀಲಾಂಬಿಕ ಚಪ್ಪಲಿ ಮೆಟ್ಟಿ ಹೊರಟಾಗ ಹಿಂದೆ ಬಂದರು. ಕಾರಿನ ಕಡೆ ನೋಡಿದರು. ಹೆಂಡತಿ ನಿಲ್ಲದೆ ನಡೆಯುತ್ತಿರುವುದನ್ನು ಕಂಡು ತಾವೂ ಬಸ್ ಸ್ಟ್ಯಾಂಡಿಗೇ ನಡೆದರು.

ಮಂದೆಯ ಹತ್ತಿರ ಮಾಳಮ್ಮ ಕುರಿಯ ಕಾಲಿನ ಕಟ್ಟು ಬಿಚ್ಚಿ ಹೊಸದಾಗಿ ಕಟ್ಟುತ್ತಿದ್ದಳು. ನೋವಿಗೆ ಅದು ಒದ್ದಾಡುತ್ತಿತ್ತು. ಬಂದವರನ್ನು ನೋಡಿ ಅವಳು ಕೂರಿ ಎನ್ನಲಿಲ್ಲ. "ಹಿಡ್ಕಳ್ರಿ ಸಾವ್ಕಾರ್ರೆ, ತಲೆ ಹಿಡ್ಕಳ್ರಿ" ಎಂದಳು.

ಪರಮಶಿವಪ್ಪ ಮಣ್ಣಿನಲ್ಲಿ ಮಂಡಿಯೂರಿ ಕುರಿಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದರು. ಕಟ್ಟು ಮುಗಿಯುವವರೆಗೆ ಅದು ಅವರ ಅಂಗೈಗೆ ಬಿಸಿ ಉಸಿರು ಬಿಡುತ್ತಿತ್ತು. ಅವರು ತಲೆ ಎತ್ತದೆ ಹೇಳಿದರು: "ನೋಡಿದ್ದೆ ನಾನು. ಬ್ರೇಕ್ ಹಾಕಬೇಕಿತ್ತು."

"ಹ್ಞೂಂ, ಹಾಕಬೇಕಿತ್ತು" ಎಂದಳು ಮಾಳಮ್ಮ. ಗಂಟನ್ನು ಬಿಗಿದು, ಎದ್ದು, ಮಂದೆಯ ಕಡೆ ಹೋದಳು.

ಬಸ್ಸಿಗೆ ಕಾಯುವಾಗ ರಸ್ತೆಯ ಬದಿಯಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದರು. ಪರಮಶಿವಪ್ಪ ಮಂಡಿಯ ಮಣ್ಣು ಕೊಡವಿಕೊಂಡರು.

"ಇನ್ನೂ ಸಿಟ್ಟು ಐತೇನು?" ಎಂದು ಕೇಳಿದರು.

"ಇದೆ" ಎಂದರು ನೀಲಾಂಬಿಕ. "ಅಂಗಡೀಲಿ ಹೇಳಿದ ಮಾತು ಬಾಕಿ ಇದೆ. ಅದನ್ನ ಅಂಗಡೀಲೇ ಹೇಳ್ರಿ."

ಪರಮಶಿವಪ್ಪ ರಸ್ತೆಯ ಕಡೆ ತಿರುಗಿದರು. ದೂರದಲ್ಲಿ ಬಸ್ಸು ಕಂಡಾಗ ನಾಲ್ಕು ಹೆಜ್ಜೆ ಮುಂದೆ ಹೋಗಿ ಕೈ ಅಡ್ಡ ಹಿಡಿದು ನಿಲ್ಲಿಸಿದರು.