ಐದು ಏಳರ ಫ್ರೇಮು

ಮೇಜನ್ನು ಎರಡು ಸಲ ಒರೆಸಿದ ಮೇಲೂ ನಂಬಿಕೆ ಬಾರದೆ, ಲಾರಿ ಡ್ರೈವರು ಬಟ್ಟೆಯನ್ನು ಬಿಸಾಡಿ ಬರಿಯ ಅಂಗೈಯಿಂದಲೇ ಅದರ ಮೈಯನ್ನೆಲ್ಲ ಸವರಿ ನೋಡತೊಡಗಿದ.

"ಸಾಕು ಬಿಡಣ್ಣ, ಚೊಕ್ಕಟ ಆಗಿದೆ," ಎಂದ ಪಕ್ಕದಂಗಡಿಯ ಬೀಗದವನು.

"ಗಾಜಿನ ಚೂರು ಕಣೋ. ಕಣ್ಣಿಗೆ ಕಾಣಲ್ಲ. ಚುಚ್ಚೀತು."

ಇನ್ನು ಯಾರಿಗೆ ಚುಚ್ಚುತ್ತದೆ ಎಂದು ಬೀಗದವನು ಕೇಳಲಿಲ್ಲ. ಆಸ್ಪತ್ರೆಯಿಂದ ಬಂದ ಗಾಡಿ ಬಾಗಿಲಲ್ಲೇ ನಿಂತಿತ್ತು. ಮಹಡಿಯ ಮೆಟ್ಟಿಲು ಎಷ್ಟು ಇಕ್ಕಟ್ಟೆಂದರೆ ಬದುಕಿದ್ದವರೇ ಅಡ್ಡಡ್ಡ ಹತ್ತಬೇಕು. ಹಾಗಾಗಿ ಡ್ರೈವರ ಹೆಂಡತಿಯನ್ನು ಕೆಳಗಿನ ಫೋಟೋ ಕಟ್ಟಿನ ಅಂಗಡಿಯಲ್ಲೇ, ಮೂವತ್ತು ವರ್ಷ ಅವಳು ಗಾಜು ಕತ್ತರಿಸಿದ ಮೇಜಿನ ಮೇಲೇ ಮಲಗಿಸುವುದೆಂದು ತೀರ್ಮಾನವಾಗಿತ್ತು. ನಿನ್ನೆ ಮಧ್ಯಾಹ್ನ ಮೂರಕ್ಕೆ ಕೈಯಲ್ಲಿ ಮರದ ಪಟ್ಟಿ ಹಿಡಿದುಕೊಂಡೇ ಕುಸಿದವಳು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಇಲ್ಲವಾಗಿದ್ದಳು.

ಓಡಾಡಲು ಜಾಗ ಮಾಡಲೆಂದು ಡ್ರೈವರು ಮೇಜಿನ ಸುತ್ತ ಇದ್ದ ಫ್ರೇಮುಗಳನ್ನು ಒಂದೊಂದಾಗಿ ತೆಗೆದು ಗೋಡೆಗೆ ಆನಿಸಿದ. ಎಲ್ಲಕ್ಕೂ ಅವಳ ಕೈಬರಹದ ಚೀಟಿ. ಗಿರಾಕಿಗಳ ಹೆಸರು ಅವಳ ತಲೆಗೆ ಎಂದೂ ಹತ್ತಿದ್ದಿಲ್ಲ. "ಅವಳಿ ಮಕ್ಕಳಮ್ಮ", "ನೀಲಿ ಕೊಡೆ", "ಎರಡು ದಿನ ಮೊದಲೇ ಬಂದು ಕೂರುವವರು." ಕೊನೆಯದು ಐದು ಇಂಚು ಏಳು ಇಂಚಿನ ಸಣ್ಣ ಫ್ರೇಮು, ಒಳಗೆ ಫೋಟೋ ಇಲ್ಲ, ಹಿಂದಿನ ಹಲಗೆಗೆ ಮೊಳೆಯೂ ಬಿದ್ದಿಲ್ಲ. ಚೀಟಿಯಲ್ಲಿ "ತಂಗಿಗೆ" ಎಂದಿತ್ತು. ಡ್ರೈವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಅವನ ಹೆಂಡತಿ ಅಪ್ಪ ಅಮ್ಮನಿಗೆ ಒಬ್ಬಳೇ ಮಗಳು.

ಹತ್ತು ಗಂಟೆಗೆಲ್ಲ ಅಂಗಡಿ ತುಂಬಿ ಜನ ಬೀದಿಗಿಳಿದರು. ಇವರಲ್ಲಿ ಅರ್ಧಕ್ಕರ್ಧ ಜನ ಯಾರೆಂದೇ ಅವನಿಗೆ ಗೊತ್ತಿರಲಿಲ್ಲ. ಎರಡು ವರ್ಷದ ಹಿಂದೆ ನಿವೃತ್ತನಾಗುವವರೆಗೆ ಲಾರಿಯೇ ಅವನ ಮನೆ, ಮನೆಗೆ ಬಂದರೆ ತಿಂಗಳಿಗೆ ನಾಲ್ಕು ದಿನದ ನೆಂಟ. ಹೆಂಡತಿಯ ಗಿರಾಕಿಗಳು ಕೈ ಹಿಡಿದು ಸಮಾಧಾನ ಹೇಳುವಾಗ ಅವನೇ ಹೊರಗಿನವನಂತೆ ತಲೆಯಾಡಿಸುತ್ತಿದ್ದ.

ಶಾಲೆಯ ಮೇಷ್ಟ್ರು ಕನ್ನಡಕ ಒರೆಸಿಕೊಳ್ಳುತ್ತ ಹತ್ತಿರ ಬಂದರು. "ನಿಮ್ಮ ನಾದಿನಿ ಎಲ್ಲಿ? ಕಾಣಲೇ ಇಲ್ಲ?"

"ಯಾವ ನಾದಿನಿ?"

"ಅದೇ ಸ್ವಾಮಿ, ಅಂಗಡಿ ಫೋನಲ್ಲಿ ಮಾತಾಡೋರು. 'ಅಕ್ಕನ ಕೈ ಬಿಡುವಿಲ್ಲ, ನಾನು ಅವರ ತಂಗಿ' ಅಂತ. ಎಷ್ಟು ಒಳ್ಳೆ ಮಾತು!"

"ಅವರು ನನ್ನ ಮಕ್ಕಳ ಹುಟ್ಟಿದ ದಿನಾನೂ ನೆನಪಿಟ್ಟಿದ್ದಾರೆ," ಎಂದು ಅವಳಿ ಮಕ್ಕಳಮ್ಮ ದನಿಗೂಡಿಸಿದಳು. "ಒಡಹುಟ್ಟಿದವರು. ಅವರು ಬಂದು ಮುಖ ನೋಡೋವರೆಗೂ ತಗೊಂಡು ಹೋಗಬೇಡಿ, ದಮ್ಮಯ್ಯ."

ಡ್ರೈವರಿಗೆ ತಲೆ ಬುಡ ತಿಳಿಯಲಿಲ್ಲ. ನಲವತ್ತು ವರ್ಷ ಸಂಸಾರ ಮಾಡಿದ ಹೆಂಗಸು ಒಬ್ಬ ತಂಗಿಯನ್ನೇ ಮುಚ್ಚಿಟ್ಟಿದ್ದಳೇ? ಅವನು ಮೇಜಿನ ಮೇಲಿನ ಮುಖವನ್ನು ನೋಡಿದ. ಕೇಳಿದರೆ ಹೇಳುವಂತಿತ್ತು ಆ ಮುಖ, ಅಷ್ಟು ಮಾಮೂಲಾಗಿತ್ತು.

*

ಮಾತಿನ ಸದ್ದು ಅವನಿಗೂ ಕೇಳಿಸುತ್ತಿತ್ತು ಅನ್ನಿ. ದಿನಾ ಬೆಳಗ್ಗೆ ಒಂಬತ್ತಕ್ಕೆ, ಮಹಡಿಯ ನೆಲದ ಹಲಗೆಯೊಳಗಿಂದ ಅವಳ ದನಿ ಮೇಲೆ ಬರುತ್ತಿತ್ತು. "ಹನ್ನೆರಡು ಹದಿನಾರರದ್ದು ಒಣಗಿಲ್ಲ, ಗುರುವಾರ ಅಂತ ಹೇಳು. ಆ ಕೊಡೆಯಮ್ಮಂಗೆ ಮಂಡಿನೋವು ಹೇಗಿದೆ ಕೇಳು, ಮರೀಬೇಡ." ನಡುವೆ ನಗು. ಮದುವೆಯಾದ ಹೊಸದರಲ್ಲಿ ಕೇಳಿದ ನಗು ಅದು, ಎಲ್ಲಿ ಹೋಗಿತ್ತೋ, ಈಗ ಫೋನಿಗೆ ಬಂದಿತ್ತು. ಮಧ್ಯಾಹ್ನ ಒಂದಕ್ಕೆ ಮತ್ತೆ ಅದೇ ಫೋನು. ಕೊನೆಗೆ ಯಾವಾಗಲೂ ಅದೇ ಮಾತು: "ಇವತ್ತಿಗೆ ಇಷ್ಟೇ. ಹೋಗಿ ಊಟ ಮಾಡು."

ಒಂದು ದಿನ ಹೊಟ್ಟೆಕಿಚ್ಚು ತಡೆಯದೆ ಅವನು ಕೆಳಗಿಳಿದು ಬಾಗಿಲಲ್ಲಿ ನಿಂತ. ಅವಳು ಫೋನನ್ನು ಎದೆಗೊತ್ತಿಕೊಂಡು, "ಏನು ಬೇಕಿತ್ತು?" ಎಂದಳು. ಗಿರಾಕಿಯನ್ನು ಕೇಳುವ ಹಾಗೆಯೇ.

ಅವನಿಗೆ ಏನೂ ಬೇಕಿರಲಿಲ್ಲ. ನೀರು ಕೇಳಿ, ಕುಡಿದು, ಮೇಲೆ ಹೋದ.

*

ಮೊಳೆಗೆ ನೇತುಹಾಕಿದ್ದ ಅವಳ ಕೆಲಸದ ಅಂಗಿಯ ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ನೆರೆದವರೆಲ್ಲ ಆ ಕಡೆ ತಿರುಗಿದರು. ಡ್ರೈವರು ತೆಗೆದು ನೋಡಿದ. "ತಂಗಿ" ಎಂದಿತ್ತು. ಅವನು ಫೋನನ್ನು ಬಿಸಿ ಪಾತ್ರೆಯ ಹಾಗೆ ಪಕ್ಕದಲ್ಲಿ ನಿಂತಿದ್ದ ಮಗಳ ಕಡೆ ಚಾಚಿದ.

ಮಗಳು ನೋಡಿ ಹಣೆ ಚಚ್ಚಿಕೊಂಡಳು. "ಅಯ್ಯೋ, ಇವಳಿಗೆ ಹೇಳೋದೇ ಮರೆತೋಯ್ತಲ್ಲ!"

"ಯಾರಿವಳು?"

"ಅಮ್ಮನ ಅಸಿಸ್ಟೆಂಟ್ ಅಪ್ಪ. ವರ್ಚುವಲ್ ಅಸಿಸ್ಟೆಂಟ್ ಅಂತಾರೆ. ಎಲ್ಲೋ ದೂರದಲ್ಲಿ, ಅವಳ ಮನೇಲೇ ಕೂತ್ಕೊಂಡು ಕೆಲಸ ಮಾಡ್ತಾಳೆ. ಗಿರಾಕಿಗಳ ಫೋನು, ಮೆಸೇಜು, ಯಾರಿಗೆ ಯಾವತ್ತು ಕೊಡಬೇಕು, ಎಲ್ಲ ಅವಳೇ. ಮೂರು ವರ್ಷ ಆಯ್ತು, ನಾನೇ ಹುಡುಕಿ ಕೊಟ್ಟಿದ್ದು. ಮೊದಲನೇ ವಾರ ಮೂವತ್ತು ಜನಕ್ಕೂ ಒಂದೇ ದಿನ ಕೊಟ್ಟು ಅಮ್ಮನ ಪ್ರಾಣ ತಿಂದಿದ್ಲು. ಆಮೇಲೆ ಅಮ್ಮ ಕೂತು, ಅಂಟು ಒಣಗೋಕೆ ಎಷ್ಟು ಹೊತ್ತು, ಯಾರಿಗೆ ಎರಡು ದಿನ ತಡವಾಗಿ ಹೇಳಬೇಕು, ಒಂದೊಂದೇ ಹೇಳಿಕೊಟ್ಟು ತಯಾರು ಮಾಡಿದ್ಲು. ಅಪರಿಚಿತರು ಅಂದ್ರೆ ಗಿರಾಕಿಗಳು ನಂಬಲ್ಲ ಅಂತ ತಂಗಿ ಅಂದುಬಿಟ್ಲು."

"ನಂಗ್ಯಾಕೆ ಹೇಳಲಿಲ್ಲ?"

"ನೀನು ಯಾವತ್ತಾದ್ರೂ ಕೇಳಿದ್ಯಾ?"

ಫೋನು ನಿಂತು ಮತ್ತೆ ಬಡಿದುಕೊಂಡಿತು. ಡ್ರೈವರು ಅದನ್ನು ಮಗಳ ಕೈಯಿಂದ ಕಿತ್ತುಕೊಂಡು ಅಂಗಡಿಯ ಹಿಂದಿನ ಗೋದಾಮಿಗೆ ಹೋಗಿ ಬಾಗಿಲು ಹಾಕಿಕೊಂಡ.

"ಅಕ್ಕ? ಒಂಬತ್ತಕ್ಕೆ ನಿಮ್ಮ ಫೋನ್ ಬರಲಿಲ್ಲ. ಇಬ್ಬರು ಫೋನ್ ಮಾಡಿ, ಏನೂ ಹೇಳದೆ, ಅತ್ತು ಇಟ್ಟುಬಿಟ್ರು. ನಂಗೊಂದೂ ಅರ್ಥ ಆಗ್ತಿಲ್ಲ. ಅಕ್ಕ?"

"ನಾನು ಅವರ ಯಜಮಾನ," ಎಂದ ಡ್ರೈವರು. "ನಿನ್ನೆ ಮೂರು ಗಂಟೆಗೆ ಅವಳು..."

ಮುಂದಿನ ಮಾತು ಬೇಕಾಗಲಿಲ್ಲ.

"ಸರ್, ಅದನ್ನ ಮುಂದಕ್ಕೆ ಹಾಕಿದ್ದು ನಾನೇ."

"ಏನನ್ನ?"

"ಡಾಕ್ಟರ್ ಹತ್ರ ಹೋಗೋದನ್ನ. ಎದೆ ಹಿಡ್ಕೊಂಡಂಗೆ ಆಗುತ್ತೆ ಅಂತಿದ್ರು. ನಾನೇ ಟೈಮ್ ತಗೊಂಡಿದ್ದೆ. ಎರಡು ಸಲ ಅಕ್ಕನೇ ಹೇಳಿ ಮುಂದಕ್ಕೆ ಹಾಕಿಸಿದ್ರು. ಮೂರನೇ ಸಲ... ಅಕ್ಕ ಒಂದು ನಿಯಮ ಮಾಡಿದ್ರು ಸರ್. ಗಿರಾಕಿಗೆ ಹೇಳಿದ ದಿನ ತಪ್ಪಬಾರದು. ಎರಡು ಕೆಲಸ ಒಟ್ಟಿಗೆ ಬಿದ್ರೆ ನನ್ನ ಸ್ವಂತದ್ದನ್ನ ಮುಂದಕ್ಕೆ ತಳ್ಳು, ನನ್ನ ಕೇಳೋಕೆ ಬರಬೇಡ ಅಂತ. ಸ್ಕೂಲಿನ ಗ್ರೂಪ್ ಫೋಟೋ ಅರ್ಜೆಂಟ್ ಅಂದ್ರು. ಹೋದ ಸೋಮವಾರದ್ದನ್ನ ಇವತ್ತಿಗೆ ಹಾಕಿಬಿಟ್ಟೆ. ಕೇಳಲೇ ಇಲ್ಲ."

"ಇವತ್ತು ಎಷ್ಟೊತ್ತಿಗೆ?"

"ಹನ್ನೊಂದಕ್ಕೆ."

ಗೋದಾಮಿನ ಗಡಿಯಾರದಲ್ಲಿ ಹತ್ತೂ ನಲವತ್ತಾಗಿತ್ತು. ಡ್ರೈವರ ಮೈಯೆಲ್ಲ ಉರಿದುಹೋಯಿತು. "ನಿಂಗೆ ಗೊತ್ತಿತ್ತಲ್ಲ! ಇಲ್ಲೇ ಮೇಲ್ಗಡೆ ಕಲ್ಲುಗುಂಡಿನ ಹಾಗೆ ಕೂತಿದ್ದೆ ನಾನು. ಒಂದೇ ಒಂದು ಮಾತು ನಂಗೆ ಹೇಳೋಕೆ ಏನಾಗಿತ್ತು?"

"ನಿಮ್ಮ ನಂಬರು ನನ್ನ ಹತ್ರ ಇಲ್ಲ ಸರ್," ಎಂದಳು ಅವಳು ಅಳುತ್ತ. "ಆರುನೂರು ಜನರದ್ದಿದೆ. ನಿಮ್ಮದಿಲ್ಲ."

ಅವನು ಫೋನು ಕುಕ್ಕಿದ.

ಹೊರಗೆ ಬಂದರೆ ಮೊದಲು ಕಂಡವರೇ ಮೇಷ್ಟ್ರು. ಕಣ್ಣು ಕೆಂಪಾಗಿತ್ತು. "ಅಂಥವರು ಸಿಗಲ್ಲ ಸ್ವಾಮಿ. ಹೋದ ಸೋಮವಾರ ನಮ್ಮ ಗ್ರೂಪ್ ಫೋಟೋನ ಹೇಳಿದ ಹೊತ್ತಿಗೆ ಕರೆಕ್ಟಾಗಿ ಕೊಟ್ರು ನೋಡಿ. ಮಕ್ಕಳೆಲ್ಲ ಎಷ್ಟು ಖುಷಿಪಟ್ವು."

ಡ್ರೈವರು ಬಾಯಿ ತೆರೆದ. ಯಾರ ಮೇಲೆ ಎಗರಬೇಕು? ಈ ಬಡಪಾಯಿ ಮೇಷ್ಟ್ರ ಮೇಲೋ, ಕಾಣದ ಊರಿನ ಆ ಹುಡುಗಿಯ ಮೇಲೋ, ಇಂಥ ನಿಯಮ ಮಾಡಿಟ್ಟು ಮೇಜಿನ ಮೇಲೆ ತಣ್ಣಗೆ ಮಲಗಿರುವವಳ ಮೇಲೋ? "ಹೌದು," ಎಂದಷ್ಟೇ ಹೇಳಿ ಮೆಟ್ಟಿಲ ಬುಡಕ್ಕೆ ಹೋಗಿ ಕೂತ.

*

ಹದಿನಾಲ್ಕು ಮೆಟ್ಟಿಲು. ತಿಂಗಳ ಹಿಂದೆ ಒಂದು ಸಂಜೆ ಅವಳ ಹೆಜ್ಜೆ ಏಳರಲ್ಲಿ ನಿಂತಿತು. ಮೂವತ್ತೈದು ವರ್ಷ ಇಂಜಿನ್ನಿನ ಸದ್ದು ಕೇಳಿದ ಕಿವಿ ಅವನದು. ಹತ್ತು ಟನ್ ಹೊರೆಯ ಕೆಳಗೆ ಒಂದು ನಟ್ಟು ಸಡಿಲವಾದರೂ ಗಾಡಿ ನಿಲ್ಲಿಸಿ ಇಳಿಯುತ್ತಿದ್ದ. ಏಳರಲ್ಲಿ ನಿಂತದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು.

"ಏನಾಯ್ತು?" ಎಂದ, ಟೀವಿಯಿಂದ ಕಣ್ಣು ಕೀಳದೆ.

"ಏನಿಲ್ಲ. ಚೀಟಿ ಓದ್ತಿದ್ದೆ."

ಕತ್ತಲ ಮೆಟ್ಟಿಲಲ್ಲಿ ಎಂಥ ಚೀಟಿ ಎಂದು ಅವನು ಕೇಳಲಿಲ್ಲ. ಮರುದಿನವೂ ಏಳರಲ್ಲಿ ನಿಂತಳು. ಅದರ ಮರುದಿನ ಐದರಲ್ಲಿ.

*

ಮಗಳು ಬಂದು ಪಕ್ಕದಲ್ಲಿ ಕೂತಳು. "ಏನಂದ್ಲು?"

"ಅವಳದ್ದೇ ತಪ್ಪು ಅಂತಾಳೆ," ಎಂದ ಡ್ರೈವರು. "ಅವಳು ನಿನ್ನ ಅಮ್ಮನ್ನ ನೋಡಿದ್ದಾಳಾ?"

"ಇಲ್ಲ. ಒಬ್ಬರ ಮುಖ ಒಬ್ಬರು ನೋಡಿಲ್ಲ. ನಿನ್ನ ಫೋಟೋ ಕಳಿಸು, ಕಟ್ಟು ಹಾಕಿ ಅಂಗಡೀಲಿ ಇಟ್ಕೋತೀನಿ ಅಂತ ಅಮ್ಮ ಪೀಡಿಸ್ತಿದ್ಲು. ಮೊದಲು ನೀವು ಕಳಿಸಿ ಅಂತ ಅವಳು. ಹೀಗೇ ಆಟ ಆಡ್ಕೊಂಡು..."

ಡ್ರೈವರು ಎದ್ದು, ಗೋಡೆಗೆ ಆನಿಸಿದ್ದರಲ್ಲಿ ಆ ಐದು ಏಳರ ಫ್ರೇಮನ್ನು ಹುಡುಕಿ ತಂದ. "ಮುಖ ಕಾಣೋ ಹಾಗೆ ಫೋನ್ ಮಾಡಿಕೊಡು," ಎಂದ.

ಪರದೆಯ ಮೇಲೆ ಇಪ್ಪತ್ತಾರು ಇಪ್ಪತ್ತೇಳರ ಹುಡುಗಿ, ಅತ್ತು ಅತ್ತು ಊದಿದ ಮೂಗು. ಅವನನ್ನು ಕಂಡು ಅಪರಾಧಿಯಂತೆ ತಲೆ ತಗ್ಗಿಸಿದಳು.

"ನೋಡಮ್ಮ, ಅವಳು ಮೆಟ್ಟಿಲಲ್ಲಿ ನಿಂತು ನಿಂತು ಹತ್ತೋದು ನಂಗೆ ಕೇಳಿಸ್ತಿತ್ತು. ಒಂದು ತಿಂಗಳಿಂದ," ಎಂದ ಡ್ರೈವರು. "ನಿಂಗಾದ್ರೆ ಕೇಳಬೇಡ ಅಂತ ನಿಯಮ ಇತ್ತು. ನಂಗೆ ಯಾವ ನಿಯಮಾನೂ ಇರಲಿಲ್ಲ."

ಅವನು ಫ್ರೇಮಿನ ಹಲಗೆ ಸರಿಸಿ, ಗಾಜಿನ ಹಿಂದೆ ಫೋನನ್ನು ಕೂರಿಸಿ, ಹೆಂಡತಿಯ ತಲೆಯ ಬಳಿ ನಿಲ್ಲಿಸಿದ. "ಇಗೋ, ನಿನ್ನ ಅಕ್ಕ."

ಫ್ರೇಮಿನೊಳಗಿನ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನೋಡಿದಳು. ಆಮೇಲೆ, "ಇಷ್ಟು ಸಣ್ಣಗಿದ್ರಾ!" ಎಂದಳು.

ಜನ ಸಾಲಾಗಿ ಬಂದು ನೋಡಿ ಹೋದರು. ಅವಳಿ ಮಕ್ಕಳಮ್ಮ ಫ್ರೇಮಿನ ಮುಂದೆ ನಿಂತು ಕಕ್ಕಾಬಿಕ್ಕಿಯಾದಳು. "ಇವರು ಯಾರು?"

"ನನ್ನ ನಾದಿನಿ," ಎಂದ ಡ್ರೈವರು.

ಒಂದು ಗಂಟೆಗೆ ಸ್ಮಶಾನಕ್ಕೆ ಒಯ್ಯುವ ಗಾಡಿ ಬಂತು. ಅವಳನ್ನು ಎತ್ತುವಾಗ ಅವನು ಫೋನಿನ ಕಡೆ ಬಾಗಿ, ಎಷ್ಟೋ ಸಲ ನೆಲದೊಳಗಿಂದ ಕೇಳಿದ್ದ ಮಾತನ್ನೇ ಹೇಳಿದ. "ಇವತ್ತಿಗೆ ಇಷ್ಟೇ. ಹೋಗಿ ಊಟ ಮಾಡು."

"ಇಲ್ಲ ಭಾವ," ಎಂದಳು ಅವಳು. "ನಾನೂ ಬರ್ತೀನಿ."

ಅವನು ಗಾಡಿಯ ಮುಂದಿನ ಸೀಟಿನಲ್ಲಿ, ಎಂದೂ ಕೂತು ಅಭ್ಯಾಸವಿಲ್ಲದ, ಸ್ಟೀರಿಂಗಿಲ್ಲದ ಪಕ್ಕದಲ್ಲಿ ಕೂತು, ಹುಡುಗಿಗೆ ದಾರಿ ಕಾಣಲೆಂದು ಫ್ರೇಮನ್ನು ಮುಖ ಹೊರಗೆ ಮಾಡಿ ಎದೆಗಾನಿಸಿ ಹಿಡಿದುಕೊಂಡ. ತಿರುವಿನಲ್ಲಿ ಗಾಡಿ ನಿಧಾನವಾದಾಗ ರಸ್ತೆ ಬದಿಯ ಹೆಂಗಸೊಬ್ಬಳು ಚೀಲ ಕೆಳಗಿಟ್ಟು ಆ ಚಿತ್ರವನ್ನು ನೋಡಿ, "ಛೆ ಛೆ, ಎಷ್ಟು ಚಿಕ್ಕ ವಯಸ್ಸು!" ಎಂದು ಕೈ ಮುಗಿದಳು. ಚಿತ್ರದೊಳಗಿನ ಹುಡುಗಿ ಮೂಗು ಒರೆಸಿಕೊಂಡು, ತಾನೂ ಕೈ ಮುಗಿದಳು.